ಪತ್ನಿಯ ಹೆಸರು ಮತ್ತು ಗಡಿಯ ಕಾಗದ

ಪರದೇಶದಲ್ಲಿ ನೆಲೆಸಿರುವ ಪತಿಯನ್ನು ಸೇರಲು ಹೊರಟ ವಧುವಿನ ಕಾಗದಪತ್ರಗಳನ್ನು ಜೋಡಿಸುವಾಗ ಅನೇಕ ಮನೆಗಳಲ್ಲಿ ಒಂದು ಶಂಕೆ ತಲೆದೋರುತ್ತದೆ. ಪತಿಯ ಪಾಸ್‌ಪೋರ್ಟಿನಲ್ಲಿರುವ ಅಡ್ಡಹೆಸರು ಒಂದು, ಪತ್ನಿಯ ಪಾಸ್‌ಪೋರ್ಟಿನಲ್ಲಿರುವುದು ಇನ್ನೊಂದು. ಇವರಿಬ್ಬರೂ ದಂಪತಿಗಳೆಂದು ಅನ್ಯದೇಶದ ಅಧಿಕಾರಿ ನಂಬುವನೇ? ಈ ಶಂಕೆಯಿಂದಲೇ ಮದುವೆಯ ಮಂಟಪದಿಂದ ನೇರವಾಗಿ ಹೆಸರು ಬದಲಾವಣೆಯ ಕಚೇರಿಗೆ ಧಾವಿಸುವವರುಂಟು. ಹಾಗೆ ಧಾವಿಸಿದ್ದರಿಂದಲೇ ಹೊಸ ತೊಡಕುಗಳನ್ನು ತಂದುಕೊಂಡವರೂ ಉಂಟು.

ಈ ಭಯಕ್ಕೆ ಚರಿತ್ರೆಯಲ್ಲಿ ಎಷ್ಟು ಆಧಾರವಿದೆಯೆಂಬುದು ವಿಚಾರಾರ್ಹವಾದ ವಿಷಯ. ದಂಪತಿಗಳಿಗೆ ಒಂದೇ ಅಡ್ಡಹೆಸರು ಇರಬೇಕೆಂಬ ಭಾವನೆ ಎಲ್ಲಿಂದ ಬಂತು, ಪಾಸ್‌ಪೋರ್ಟಿನೊಳಕ್ಕೆ ಅದು ಹೇಗೆ ಪ್ರವೇಶಿಸಿತು, ಗಡಿಯಲ್ಲಿ ನಿಂತ ಪತ್ನಿಯನ್ನು ನಿಜವಾಗಿ ಕಾಪಾಡಿದ್ದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸಿದರೆ ವಸ್ತುಸ್ಥಿತಿ ತಾನಾಗಿ ತಿಳಿಯಾಗುತ್ತದೆ.

೧

ಮದುವೆಯಾದ ಸ್ತ್ರೀ ಪತಿಯ ಅಡ್ಡಹೆಸರನ್ನು ಧರಿಸುವುದು ಲೋಕದ ಸಾರ್ವತ್ರಿಕ ನಿಯಮವೆಂದು ಬಹುಜನರ ತಿಳಿವಳಿಕೆ. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞನಾದ ವಿಲಿಯಂ ಬ್ಲಾಕ್‌ಸ್ಟೋನ್ ೧೭೬೫ರಲ್ಲಿ ಪ್ರಕಟಿಸಿದ ತನ್ನ ವ್ಯಾಖ್ಯಾನದ ಮೊದಲ ಸಂಪುಟದಲ್ಲಿ, ವಿವಾಹದಿಂದ ಪತಿಪತ್ನಿಯರು ಕಾನೂನಿನ ದೃಷ್ಟಿಯಲ್ಲಿ ಏಕವ್ಯಕ್ತಿಯಾಗುತ್ತಾರೆಂಬ ತತ್ತ್ವವನ್ನು ನಿರೂಪಿಸಿದನು. ಪತ್ನಿಯ ಆಸ್ತಿ, ಕರಾರು ಮಾಡುವ ಹಕ್ಕು, ದಾವೆ ಹೂಡುವ ಹಕ್ಕು ಇವೆಲ್ಲ ಪತಿಯಲ್ಲಿ ಲೀನವಾಗುತ್ತಿದ್ದ ಕಾಲ ಅದು. ಹೆಸರೂ ಅವುಗಳ ಜೊತೆಯಲ್ಲೇ ಲೀನವಾಯಿತು. ಆದರೂ, ಪತ್ನಿಯು ಹೆಸರನ್ನು ಬದಲಿಸಲೇಬೇಕೆಂಬ ಶಾಸನವೊಂದು ಇಂಗ್ಲೆಂಡಿನಲ್ಲಿ ಇರಲಿಲ್ಲ. ಇದ್ದುದು ರೂಢಿ, ಆ ರೂಢಿ ಕಾನೂನಿಗಿಂತ ಬಲವಾಗಿತ್ತು.

ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದೊಡನೆ ಸ್ಥಿತಿ ಬೇರೆಯಾಗುತ್ತದೆ. ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲದ ೧೭೯೪ರ ಶಾಸನವು, ಯಾವ ಪ್ರಜೆಯೂ ಜನನಪತ್ರದಲ್ಲಿರುವ ಹೆಸರನ್ನಲ್ಲದೆ ಬೇರೆ ಹೆಸರನ್ನು ಧರಿಸಕೂಡದೆಂದು ವಿಧಿಸಿತು. ಫ್ರೆಂಚ್ ಗೃಹಿಣಿ ಪತಿಯ ಹೆಸರನ್ನು ಬಳಕೆಗೆ ತೆಗೆದುಕೊಂಡರೂ ಅವಳ ಕಾನೂನುಸಿದ್ಧ ಹೆಸರು ತವರಿನದೇ ಆಗಿ ಉಳಿಯಿತು. ಇದಕ್ಕೆ ವಿರುದ್ಧವಾಗಿ, ೧೯೦೦ರಲ್ಲಿ ಜಾರಿಗೆ ಬಂದ ಜರ್ಮನಿಯ ನಾಗರಿಕ ಸಂಹಿತೆ ಪತ್ನಿಗೆ ಪತಿಯ ಕುಲನಾಮವನ್ನು ಶಾಸನದಿಂದಲೇ ಹೊರಿಸಿತು. ಅಲ್ಲಿ ಪತ್ನಿಯ ಹೆಸರನ್ನೂ ಕುಟುಂಬದ ಹೆಸರಾಗಿ ಆರಿಸಿಕೊಳ್ಳಬಹುದೆಂಬ ತಿದ್ದುಪಡಿ ಬರಲು ೧೯೭೬ರವರೆಗೆ ಕಾಯಬೇಕಾಯಿತು. ಜಪಾನಿನ ೧೮೯೮ರ ಸಂಹಿತೆ ಗೃಹದ ಹೆಸರನ್ನು ಎಲ್ಲರಿಗೂ ವಿಧಿಸಿತು. ಯುದ್ಧಾನಂತರ ೧೯೪೭ರಲ್ಲಿ ಇಬ್ಬರಲ್ಲಿ ಯಾರ ಹೆಸರನ್ನಾದರೂ ಆರಿಸಬಹುದೆಂದು ಬದಲಾಯಿತಾದರೂ, ಇಬ್ಬರಿಗೂ ಒಂದೇ ಇರತಕ್ಕದ್ದೆಂಬ ಕಟ್ಟು ಸಡಿಲವಾಗಲಿಲ್ಲ. ಆ ದೇಶದ ಸರ್ವೋಚ್ಚ ನ್ಯಾಯಾಲಯ ೨೦೧೫ರಲ್ಲಿಯೂ ೨೦೨೧ರಲ್ಲಿಯೂ ಈ ಕಟ್ಟನ್ನು ಎತ್ತಿಹಿಡಿಯಿತು. ನೆರೆಯ ಚೀನಾದಲ್ಲಾದರೋ ೧೯೫೦ರ ವಿವಾಹ ಶಾಸನ ಪತಿಪತ್ನಿಯರಿಬ್ಬರಿಗೂ ತಮ್ಮ ತಮ್ಮ ಹೆಸರನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು.

ಭಾರತದಲ್ಲಿ ವಿವಾಹಿತ ಸ್ತ್ರೀ ಹೆಸರು ಬದಲಿಸಬೇಕೆಂದು ವಿಧಿಸುವ ಶಾಸನ ಯಾವುದೂ ಇಲ್ಲ. ೧೯೫೫ರ ಹಿಂದೂ ವಿವಾಹ ಶಾಸನದಲ್ಲಿ ಸಪ್ತಪದಿಯ ಉಲ್ಲೇಖವುಂಟು, ನೋಂದಣಿಯ ಉಲ್ಲೇಖವುಂಟು, ಅಡ್ಡಹೆಸರಿನ ಉಲ್ಲೇಖವಿಲ್ಲ. ಹೀಗೆ ಲೋಕದ ದೇಶಗಳು ಒಂದೇ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಟ್ಟಿರುವಾಗ, ಸಮಾನವಾದ ಅಡ್ಡಹೆಸರು ದಾಂಪತ್ಯದ ಲಕ್ಷಣವೆಂದು ಹೇಳುವುದು ಸಾಧ್ಯವಿಲ್ಲ. ಅದು ಕೆಲವು ನಾಡುಗಳ ಅಭ್ಯಾಸವಷ್ಟೆ.

೨

ಈ ಅಭ್ಯಾಸ ಗಡಿಯ ಕಾಗದದಲ್ಲಿ ನೆಲೆಯೂರಿದ್ದು ಮೊದಲನೆಯ ಮಹಾಯುದ್ಧದ ತರುವಾಯ. ೧೯೧೪ಕ್ಕೆ ಮುಂಚೆ ಯೂರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಪ್ರಯಾಣ ಮಾಡಬಹುದಾಗಿತ್ತು. ಯುದ್ಧ ತಂದ ನಿರ್ಬಂಧ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. ೧೯೨೦ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮ್ಮೇಳನ ೩೨ ಪುಟಗಳ ಒಂದು ಮಾದರಿ ಪುಸ್ತಕವನ್ನು ಶಿಫಾರಸು ಮಾಡಿತು. ಆ ಕಾಲದ ಪುಸ್ತಕಗಳಲ್ಲಿ ಪತಿಯ ವರ್ಣನೆಯ ಪಕ್ಕದಲ್ಲೇ ಪತ್ನಿಯ ಎತ್ತರ, ಕಣ್ಣಿನ ಬಣ್ಣ, ಭಾವಚಿತ್ರಗಳಿಗೆ ಒಂದು ಅಂಕಣ ಇರುತ್ತಿತ್ತು. ಬ್ರಿಟಿಷ್ ಮಾದರಿಯ ಪುಸ್ತಕಗಳಲ್ಲಿ ಈ ಅಂಕಣ ಬಹುಕಾಲ ಉಳಿದುಬಂತು. ದಂಪತಿಗಳಿಬ್ಬರಿಗೂ ಒಂದೇ ಪುಸ್ತಕ. ಪುಸ್ತಕದ ಯಜಮಾನ ಪತಿ. ಅವನು ಜೊತೆಯಲ್ಲಿಲ್ಲದಾಗ ಪತ್ನಿ ಅದರ ಬಲದಿಂದ ಪ್ರಯಾಣ ಮಾಡುವಂತಿರಲಿಲ್ಲ. ಇಂತಹ ವ್ಯವಸ್ಥೆಯಲ್ಲಿ ಪತ್ನಿಗೆ ಬೇರೆ ಹೆಸರಿನ ಅವಶ್ಯಕತೆಯೇ ಕಾಣದಿದ್ದುದು ಸಹಜ.

ಪತ್ನಿಯ ರಾಷ್ಟ್ರೀಯತೆಯ ಗತಿಯೂ ಇದೇ ಆಗಿತ್ತು. ೧೮೭೦ರ ಬ್ರಿಟಿಷ್ ಶಾಸನದಂತೆ ಪರದೇಶೀಯನನ್ನು ಮದುವೆಯಾದ ಬ್ರಿಟಿಷ್ ಸ್ತ್ರೀ ಪರದೇಶದವಳಾಗುತ್ತಿದ್ದಳು. ಅಮೆರಿಕ ಸಂಯುಕ್ತ ಸಂಸ್ಥಾನ ೧೯೦೭ರಲ್ಲಿ ಇಂತಹುದೇ ವಿಧಿಯನ್ನು ಮಾಡಿ, ೧೯೨೨ರ ಕೇಬಲ್ ಶಾಸನದಿಂದ ಅದನ್ನು ಭಾಗಶಃ ಸಡಿಲಿಸಿತು.

ಇದರ ವಿರುದ್ಧ ದನಿ ಎದ್ದದ್ದೂ ಅಮೆರಿಕದಲ್ಲೇ. ೧೮೫೫ರಲ್ಲಿ ಮದುವೆಯಾದ ಲೂಸಿ ಸ್ಟೋನ್ ಎಂಬಾಕೆ ತನ್ನ ಹುಟ್ಟುಹೆಸರನ್ನೇ ಉಳಿಸಿಕೊಂಡಿದ್ದರು. ೧೮೭೯ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನ ಶಾಲಾ ಸಮಿತಿಯ ಚುನಾವಣೆಯಲ್ಲಿ ಸ್ತ್ರೀಯರಿಗೆ ಮತಾಧಿಕಾರ ಕೊಟ್ಟಾಗ, ಪತಿಯ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲು ಒಪ್ಪದ ಕಾರಣ ಅವರು ಆ ಹಕ್ಕನ್ನೇ ಕಳೆದುಕೊಳ್ಳಬೇಕಾಯಿತು. ಅವರ ನೆನಪಿನಲ್ಲಿ ೧೯೨೧ರಲ್ಲಿ ಲೂಸಿ ಸ್ಟೋನ್ ಲೀಗ್ ಸ್ಥಾಪನೆಯಾಯಿತು. ಅದರ ಸ್ಥಾಪಕಿಯಾದ ಪತ್ರಿಕೋದ್ಯೋಗಿ ರೂತ್ ಹೇಲ್ ತಮ್ಮ ಸ್ವಂತ ಹೆಸರಿನಲ್ಲಿ ಪಾಸ್‌ಪೋರ್ಟ್ ಕೇಳಿದರು. ಸರ್ಕಾರ ಪತಿಯ ಹೆಸರಿನಿಂದಲ್ಲದೆ ಕೊಡಲೊಪ್ಪಲಿಲ್ಲ. ವಿವಾದ ಕೆಲವು ವರ್ಷ ನಡೆಯಿತು. ೧೯೨೫ರಲ್ಲಿ ಡೋರಿಸ್ ಫ್ಲೈಶ್‌ಮನ್ ಎಂಬ ವಿವಾಹಿತೆಗೆ ಹುಟ್ಟುಹೆಸರಿನಲ್ಲೇ ಅಮೆರಿಕದ ಪಾಸ್‌ಪೋರ್ಟ್ ದೊರೆಯಿತು. ಪತ್ನಿಯ ಹೆಸರು ಪತಿಯ ಹೆಸರಿಗಿಂತ ಬೇರೆಯಾಗಿದ್ದರೂ ಪಾಸ್‌ಪೋರ್ಟ್ ಪಾಸ್‌ಪೋರ್ಟೇ ಎಂಬುದು ಹೀಗೆ ಅಲ್ಲಿ ಮಾನ್ಯವಾಯಿತು.

೩

ಪಶ್ಚಿಮದ ಈ ವಾದ ಸ್ವಂತಿಕೆಯನ್ನು ಕುರಿತದ್ದು. ಅದೇ ಕಾಲಕ್ಕೆ ಸಮುದ್ರದಾಚೆ ನೆಲೆಸಿದ್ದ ಭಾರತೀಯರಿಗೆ ಒದಗಿದ ಸಂಕಟ ಇನ್ನೂ ಕಠಿನವಾದುದು. ಅಲ್ಲಿ ಪ್ರಶ್ನೆ ಎದ್ದದ್ದು ಪತ್ನಿಯ ಹೆಸರನ್ನು ಕುರಿತಲ್ಲ, ಪತ್ನಿತ್ವವನ್ನೇ ಕುರಿತು.

ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್ ನಗರದಲ್ಲಿ ನೆಲೆಸಿದ್ದ ಹಸನ್ ಈಸಪ್ ಎಂಬ ಭಾರತೀಯ ತನ್ನ ಪತ್ನಿ ಬಾಯಿ ಮರಿಯಂಳನ್ನು ಊರಿನಿಂದ ಕರೆತಂದಾಗ ವಲಸೆ ಅಧಿಕಾರಿ ಆಕೆಗೆ ಪ್ರವೇಶ ನಿರಾಕರಿಸಿದನು. ಮೊಕದ್ದಮೆ ಕೇಪ್ ಪ್ರಾಂತದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ೧೯೧೩ರ ಮಾರ್ಚ್ ೧೪ರಂದು ನ್ಯಾಯಮೂರ್ತಿ ಮಾಲ್ಕಂ ಸರ್ಲ್ ತೀರ್ಪಿತ್ತರು: ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮವಿಧಿಯಂತೆ ನಡೆದ ವಿವಾಹ ಆ ದೇಶದ ಕಾನೂನಿಗೆ ಮಾನ್ಯವಲ್ಲ, ಆದುದರಿಂದ ವಲಸೆ ಶಾಸನದ ಅರ್ಥದಲ್ಲಿ ಆಕೆ ಪತ್ನಿಯಲ್ಲ. ಈ ತರ್ಕದ ಮುಂದೆ ಹಿಂದೂ, ಮುಸಲ್ಮಾನ, ಪಾರಸಿ ವಿಧಿಗಳಿಂದ ನಡೆದ ಸಾವಿರಾರು ಮದುವೆಗಳು ಒಂದೇ ದಿನದಲ್ಲಿ ಸಂಶಯಕ್ಕೆ ಗುರಿಯಾದುವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಮೋಹನದಾಸ ಗಾಂಧಿ ಮತ್ತು ಕಸ್ತೂರಬಾ ಗಾಂಧಿಯವರಿಗೆ ಇದ್ದದ್ದು ಒಂದೇ ಅಡ್ಡಹೆಸರು. ಆ ಸಮಾನತೆ ಅವರ ದಾಂಪತ್ಯಕ್ಕೆ ಕಿಂಚಿತ್ತೂ ರಕ್ಷಣೆ ಕೊಡಲಿಲ್ಲ. ಪತ್ನಿಯೆಂಬ ಪದವಿಯನ್ನೇ ನ್ಯಾಯಾಲಯ ಅಳಿಸಿದಾಗ ಹೆಸರು ಏನು ಮಾಡೀತು? ೧೯೧೩ರ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟು ಟ್ರಾನ್ಸ್‌ವಾಲ್ ಗಡಿಯನ್ನು ದಾಟಿ ಸೆರೆಯಾದ ೧೬ ಜನರ ತಂಡದಲ್ಲಿ ಕಸ್ತೂರಬಾ ಸೇರಿ ನಾಲ್ವರು ಸ್ತ್ರೀಯರಿದ್ದರು. ಅವರಿಗೆ ಮೂರು ತಿಂಗಳ ಕಠಿನ ಶಿಕ್ಷೆಯಾಯಿತು. ಆ ಸತ್ಯಾಗ್ರಹದ ಫಲವಾಗಿ ಬಂದ ೧೯೧೪ರ ಭಾರತೀಯರ ಪರಿಹಾರ ಶಾಸನ, ಭಾರತೀಯ ಧರ್ಮವಿಧಿಗಳಿಂದಾದ ವಿವಾಹವನ್ನು ಒಬ್ಬ ಪತ್ನಿಯ ಮಟ್ಟಿಗೆ ಮಾನ್ಯಮಾಡಿತು.

ನಾಲ್ಕು ವರ್ಷಗಳ ಬಳಿಕ, ೧೯೧೮ರ ಸಾಮ್ರಾಜ್ಯ ಯುದ್ಧ ಸಮ್ಮೇಳನ ಇದೇ ತತ್ತ್ವವನ್ನು ಇತರ ಬ್ರಿಟಿಷ್ ದೇಶಗಳಿಗೂ ವಿಸ್ತರಿಸಿತು. ಆ ದೇಶಗಳಲ್ಲಿ ಶಾಶ್ವತವಾಗಿ ನೆಲೆಸಿದ ಭಾರತೀಯರು ಪತ್ನಿಯನ್ನೂ ಅಪ್ರಾಪ್ತವಯಸ್ಕ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಒಬ್ಬನಿಗೆ ಒಬ್ಬಳೇ ಪತ್ನಿ. ಹಾಗೆ ಬರುವ ಪ್ರತಿಯೊಬ್ಬರೂ ಆತನ ನ್ಯಾಯಬದ್ಧ ಪತ್ನಿ ಅಥವಾ ಸಂತಾನವೆಂದು ಭಾರತ ಸರ್ಕಾರ ಪ್ರಮಾಣೀಕರಿಸಬೇಕು. ಇವು ಅದರ ಷರತ್ತುಗಳು. ೧೯೧೯ರಲ್ಲಿ ಕೆನಡಾ ಇದನ್ನು ತನ್ನ ಆಜ್ಞೆಯಾಗಿ ಅಂಗೀಕರಿಸಿತು. ಈ ಷರತ್ತುಗಳಲ್ಲಿ ಅಡ್ಡಹೆಸರಿನ ಮಾತಿಲ್ಲ. ಗಡಿ ಕೇಳಿದ್ದು ವಿವಾಹದ ಪ್ರಮಾಣವನ್ನು. ಇಂದಿನ ವೀಸಾ ಕಚೇರಿ ವಿವಾಹ ಪ್ರಮಾಣಪತ್ರವನ್ನು ಕೇಳುವಾಗ ನಡೆಯುತ್ತಿರುವುದು ಆ ಹಳೆಯ ಷರತ್ತಿನ ಮುಂದುವರಿಕೆಯೇ.

೪

ಹಾಗಿದ್ದರೆ ಕನ್ನಡಿಗರ ಮನೆಗಳಲ್ಲಿ ಹೆಸರು ಇಷ್ಟು ಚಿಂತೆಗೆ ಕಾರಣವಾಗುವುದೇಕೆ? ಉತ್ತರ ಕನ್ನಡನಾಡಿನ ನಾಮಪದ್ಧತಿಯಲ್ಲೇ ಅಡಗಿದೆ. ಈ ನಾಡಿನಲ್ಲಿ ಒಂದು ಪದ್ಧತಿಯಲ್ಲ, ಹಲವು ಪದ್ಧತಿಗಳು ಬಳಕೆಯಲ್ಲಿವೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಅನಂತರ ತಂದೆ, ಕಡೆಯಲ್ಲಿ ಸ್ವಂತ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ಸ್ವಂತ ಹೆಸರು, ಅನಂತರ ತಂದೆ, ಕಡೆಯಲ್ಲಿ ಅಡ್ಡಹೆಸರು. ಹಳೆಯ ಮೈಸೂರಿನದು ಒಂದು ಕ್ರಮ. ಮುಂಬಯಿ ಆಧಿಪತ್ಯದಲ್ಲಿದ್ದ ಕರ್ನಾಟಕದ್ದು ಅದಕ್ಕೆ ತದ್ವಿರುದ್ಧ. ಒಂದರಲ್ಲಿ ಕಡೆಯ ಪದ ವ್ಯಕ್ತಿಯದು; ಇನ್ನೊಂದರಲ್ಲಿ ಮನೆತನದ್ದು.

ಸ್ತ್ರೀಯರ ಹೆಸರುಗಳಲ್ಲಿ ವೈವಿಧ್ಯ ಇನ್ನೂ ಹೆಚ್ಚು. ಕೊಡಗಿನ ಗೌರಮ್ಮನವರು ಪತಿ ಬಿ. ಟಿ. ಗೋಪಾಲಕೃಷ್ಣ ಅವರ ಹೆಸರನ್ನು ಹಿಡಿದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು ಕತೆಗಳನ್ನು ಬರೆದರು. ನಾಡು ಅವರನ್ನು ನೆನೆಯುವುದು ಗೌರಮ್ಮ ಎಂದೇ. ಕಾದಂಬರಿಕಾರ್ತಿ ತ್ರಿವೇಣಿಯವರು ಅನಸೂಯಾ ಶಂಕರ್. ಇಲ್ಲಿ ಶಂಕರ್ ಎಂಬುದು ಮನೆತನವಲ್ಲ, ಪತಿಯ ಸ್ವಂತ ಹೆಸರು. ವೆಂಕಟಲಕ್ಷ್ಮಿಯಾಗಿ ಹುಟ್ಟಿದ ಅನುಪಮಾ ನಿರಂಜನರ ಹೆಸರಿನ ಉತ್ತರಾರ್ಧ ಪತಿ ಕುಳಕುಂದ ಶಿವರಾಯರ ಕಾವ್ಯನಾಮ. ಗಾನವಿದುಷಿ ಗಂಗೂಬಾಯಿ ಹಾನಗಲ್ ಅವರ ತಂದೆ ಚಿಕ್ಕೂರಾವ್ ನಾಡಿಗೇರ್, ಪತಿ ಗುರುರಾವ್ ಕೌಲಗಿ. ಅವರ ಹೆಸರಿನಲ್ಲಿ ತಂದೆಯ ಅಡ್ಡಹೆಸರೂ ಇಲ್ಲ, ಪತಿಯದೂ ಇಲ್ಲ, ಊರಿನದಿದೆ. ಇವರಲ್ಲಿ ಯಾರ ದಾಂಪತ್ಯವನ್ನೂ ಕನ್ನಡ ಸಮಾಜ ಹೆಸರಿನಿಂದ ಅಳೆಯಲಿಲ್ಲ.

ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಇನ್ನೊಂದು ವಾಡಿಕೆ ಕೂಡಿಕೊಳ್ಳುತ್ತದೆ. ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ವಧುವಿನ ಹೊಸ ಹೆಸರನ್ನು ಬರೆಯಲಾಗುತ್ತದೆ. ಶಾರದಾ ರಾಮಚಂದ್ರ ಕುಲಕರ್ಣಿ ಎಂದು ಶಾಲೆಯಲ್ಲಿ ದಾಖಲಾದ ಕನ್ಯೆ ಸುಮಿತ್ರಾ ಗೋವಿಂದ ದೇಶಪಾಂಡೆ ಆದಳೆಂದು ಭಾವಿಸಿದರೆ, ಮೂರು ಪದಗಳಲ್ಲಿ ಮೂರೂ ಬದಲಾದವು. ಆಕೆಯ ಪದವಿಪತ್ರದಲ್ಲಿ ಹಳೆಯ ಹೆಸರು, ರೇಷನ್ ಕಾರ್ಡಿನಲ್ಲಿ ಹೊಸದು, ಬ್ಯಾಂಕಿನ ಪುಸ್ತಕದಲ್ಲಿ ಹೊಸ ಅಡ್ಡಹೆಸರಿನೊಡನೆ ಹಳೆಯ ಸ್ವಂತ ಹೆಸರು. ಊರಿನಲ್ಲಿ ಇವರೆಲ್ಲರೂ ಒಬ್ಬಳೇ ಎಂದು ಎಲ್ಲರಿಗೂ ಗೊತ್ತು. ಊರನ್ನು ಕಾಣದ ಅಧಿಕಾರಿಗೆ ಇವರು ಮೂವರು ಸ್ತ್ರೀಯರು.

೫

ಹಿಂದೆ ಇಂತಹ ತೊಡಕನ್ನು ಅಧಿಕಾರಿಯೊಬ್ಬನಿಗೆ ಬಾಯಿಮಾತಿನಿಂದ ವಿವರಿಸಬಹುದಾಗಿತ್ತು. ಯಂತ್ರ ಬಂದ ಮೇಲೆ ಆ ಅವಕಾಶ ಕುಗ್ಗಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ೧೯೮೦ರಲ್ಲಿ ಪ್ರಕಟಿಸಿದ ೯೩೦೩ನೆಯ ದಸ್ತಾವೇಜು ಯಂತ್ರ ಓದಬಲ್ಲ ಪಾಸ್‌ಪೋರ್ಟಿನ ಸ್ವರೂಪವನ್ನು ನಿರ್ಧರಿಸಿತು. ಪುಟದ ತಳದಲ್ಲಿ ತಲಾ ೪೪ ಅಕ್ಷರಸ್ಥಾನಗಳ ಎರಡು ಸಾಲುಗಳು; ಮೊದಲ ಸಾಲಿನಲ್ಲಿ ಹೆಸರಿಗೆ ೩೯ ಸ್ಥಾನಗಳು. ಮೊದಲು ಮುಖ್ಯನಾಮ, ಬಳಿಕ ಎರಡು ಖಾಲಿಗುರುತು, ಅನಂತರ ಉಳಿದ ಹೆಸರು. ಯಂತ್ರ ಓದಲಾಗದ ಪಾಸ್‌ಪೋರ್ಟುಗಳು ೨೦೧೫ರ ನವೆಂಬರ್ ೨೪ರೊಳಗೆ ಬಳಕೆಯಿಂದ ಹೋಗಬೇಕೆಂದು ಗೊತ್ತಾಯಿತು. ಎರಡು ತುಂಡುಗಳ ಈ ಅಚ್ಚಿನಲ್ಲಿ ಲೋಕದ ಎಲ್ಲ ಹೆಸರುಗಳೂ ಹಿಡಿಸಬೇಕಾಯಿತು.

ಭಾರತದ ಅರ್ಜಿ ಇನಿಷಿಯಲ್‌ಗಳನ್ನು ಒಪ್ಪುವುದಿಲ್ಲ. ಅವನ್ನು ಬಿಡಿಸಿ ಬರೆಯಬೇಕು. ಬಿಡಿಸಿದಾಗ ಊರಿನ ಹೆಸರೋ ತಂದೆಯ ಹೆಸರೋ ಅಡ್ಡಹೆಸರಿನ ಸ್ಥಾನಕ್ಕೆ ಏರುತ್ತದೆ. ಪತಿಯ ಪಾಸ್‌ಪೋರ್ಟಿನಲ್ಲಿ ಅವನ ಊರು ಅಡ್ಡಹೆಸರಾಗಿರುವಾಗ, ಪತ್ನಿ ಅವನ ಸ್ವಂತ ಹೆಸರನ್ನು ತನ್ನ ಅಡ್ಡಹೆಸರಾಗಿ ಬರೆಸಿಕೊಂಡರೆ, ಗಂಡನ ಹೆಸರನ್ನು ಧರಿಸಿಯೂ ಆಕೆಯ ಅಡ್ಡಹೆಸರು ಅವನದಕ್ಕೆ ಹೊಂದುವುದಿಲ್ಲ! ಅಡ್ಡಹೆಸರಿನ ಸ್ಥಾನವನ್ನು ಖಾಲಿ ಬಿಟ್ಟರೆ ಇನ್ನೊಂದು ವಿಚಿತ್ರ. ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಅಡ್ಡಹೆಸರಾಗಿ, ಮೊದಲ ಹೆಸರಿನ ಸ್ಥಾನದಲ್ಲಿ ‘ಎಫ್. ಎನ್. ಯು.’ ಎಂಬ ಮೂರು ಅಕ್ಷರಗಳು, ಅಂದರೆ ‘ಮೊದಲ ಹೆಸರು ತಿಳಿಯದು’ ಎಂಬ ಒಕ್ಕಣೆ ಮುದ್ರಿತವಾಗುತ್ತದೆ. ೨೦೨೨ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು ಒಂದೇ ಹೆಸರಿನ ಪಾಸ್‌ಪೋರ್ಟ್ ಉಳ್ಳ ಸಂದರ್ಶಕರನ್ನು ಸೇರಿಸುವುದಿಲ್ಲವೆಂದು ಸಾರಿ, ಬಳಿಕ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಸಡಿಲಿಸಿದುವು. ತೊಡಕು ಎಲ್ಲಿದೆಯೆಂಬುದನ್ನು ಈ ಉದಾಹರಣೆಗಳು ತೋರಿಸುತ್ತವೆ. ದಂಪತಿಗಳ ಹೆಸರು ಬೇರೆಯಾಗಿರುವುದರಿಂದ ಇವು ಹುಟ್ಟಿದವಲ್ಲ. ಹೆಸರಿನ ಅಚ್ಚಿಗೂ ಹೆಸರಿನ ಪದ್ಧತಿಗೂ ಇರುವ ವೈಷಮ್ಯದಿಂದ ಹುಟ್ಟಿದುವು.

೬

ಇತ್ತ ಕಾನೂನು ಮಾತ್ರ ಕ್ರಮೇಣ ಸ್ತ್ರೀಯ ಆಯ್ಕೆಯ ಕಡೆಗೇ ಸರಿದಿದೆ. ವಿಶ್ವಸಂಸ್ಥೆ ೧೯೭೯ರಲ್ಲಿ ಅಂಗೀಕರಿಸಿದ ಸ್ತ್ರೀಯರ ವಿರುದ್ಧದ ತಾರತಮ್ಯ ನಿವಾರಣೆಯ ಒಡಂಬಡಿಕೆ ತನ್ನ ೧೬ನೆಯ ವಿಧಿಯಲ್ಲಿ ಕುಲನಾಮವನ್ನು ಆರಿಸಿಕೊಳ್ಳುವ ಹಕ್ಕನ್ನು ಪತಿಪತ್ನಿಯರಿಬ್ಬರಿಗೂ ಸಮವೆಂದು ಸಾರಿತು. ೨೦೦೪ರಲ್ಲಿ ತುರ್ಕಿಯ ವಕೀಲೆಯೊಬ್ಬರ ಮೊಕದ್ದಮೆಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಸಮಾನ ಹೆಸರಿಲ್ಲದಿದ್ದರೂ ಕುಟುಂಬದ ಐಕ್ಯಕ್ಕೆ ಭಂಗವಿಲ್ಲವೆಂಬ ನಿಲುವನ್ನು ತಳೆಯಿತು. ಭಾರತದಲ್ಲಿ ೨೦೧೬ರ ಡಿಸೆಂಬರಿನ ನಿಯಮಗಳು ಪಾಸ್‌ಪೋರ್ಟ್ ಅರ್ಜಿಗೆ ವಿವಾಹ ಪ್ರಮಾಣಪತ್ರ ಅವಶ್ಯವಿಲ್ಲವೆಂದವು. ೨೦೧೭ರ ಏಪ್ರಿಲಿನಲ್ಲಿ ಪ್ರಧಾನಿ, ಮದುವೆಯ ಬಳಿಕ ಸ್ತ್ರೀಯರು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಾಗಿಲ್ಲವೆಂದು ಘೋಷಿಸಿದರು. ಅಡ್ಡಹೆಸರನ್ನು ಬದಲಿಸದೆಯೂ ಪತಿಯ ಹೆಸರನ್ನು ಪಾಸ್‌ಪೋರ್ಟಿನ ಸಂಗಾತಿಯ ಅಂಕಣದಲ್ಲಿ ಸೇರಿಸಬಹುದು.

ಪಾಸ್‌ಪೋರ್ಟ್ ಪಡೆಯಲು ಬೇಡವಾದ ವಿವಾಹ ಪ್ರಮಾಣಪತ್ರ ವೀಸಾ ಪಡೆಯಲು ಮಾತ್ರ ಬೇಕೇ ಬೇಕು. ಇಲ್ಲಿ ಭಾರತೀಯರ ಔದಾಸೀನ್ಯ ಹಳೆಯದು. ಮುಂಬಯಿ ಪ್ರಾಂತದಲ್ಲಿ ೧೯೫೩ರಷ್ಟು ಹಿಂದೆಯೇ ವಿವಾಹ ನೋಂದಣಿಯ ಶಾಸನವಾಯಿತು. ಕರ್ನಾಟಕದಲ್ಲಿ ೧೯೭೬ರಲ್ಲಿ ಆಯಿತು. ಎಲ್ಲ ಧರ್ಮದವರ ವಿವಾಹಗಳಿಗೂ ನೋಂದಣಿ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೦೬ರಲ್ಲಿ ಸೀಮಾ ಪ್ರಕರಣದಲ್ಲಿ ಆದೇಶಿಸಿತು. ಆದರೂ ಪರದೇಶದ ಪ್ರಯಾಣ ಒದಗುವವರೆಗೆ ನೋಂದಣಿಯ ನೆನಪಾಗದ ಮನೆಗಳು ಇಂದಿಗೂ ವಿರಳವಲ್ಲ. ಬಾಯಿ ಮರಿಯಂಳ ಕಾಲದಲ್ಲಿ ಹೋರಾಡಿ ಪಡೆಯಬೇಕಾಗಿದ್ದ ಮಾನ್ಯತೆ ಇಂದು ನೋಂದಣಿ ಕಚೇರಿಯಲ್ಲಿ ದೊರೆಯುವಾಗ ಅದನ್ನು ಉಪೇಕ್ಷಿಸುವುದು ವಿವೇಕವೆನಿಸದು.

ಹೆಸರಿನ ವಿಷಯದಲ್ಲಿ ಚರಿತ್ರೆಯಿಂದ ಹೊರಡುವ ವಿವೇಕವೂ ಸರಳವಾದುದೇ. ಗಂಡನ ಹೆಸರಿಗೂ ಹೆಂಡತಿಯ ಹೆಸರಿಗೂ ಇರುವ ಅಂತರ ಬಾಧಕವಲ್ಲ; ಹೆಂಡತಿಯ ಒಂದು ಕಾಗದಕ್ಕೂ ಅವಳದೇ ಇನ್ನೊಂದು ಕಾಗದಕ್ಕೂ ಇರುವ ಅಂತರವೇ ಬಾಧಕ. ಹುಟ್ಟುಹೆಸರನ್ನು ಉಳಿಸಿಕೊಳ್ಳುವವರು ವೀಸಾ ಅರ್ಜಿ, ವಿಮಾನದ ಟಿಕೆಟ್ ಮೊದಲಾದ ಎಲ್ಲದರಲ್ಲೂ ಅದನ್ನೇ ಉಳಿಸಿಕೊಳ್ಳಬೇಕು. ಬದಲಿಸುವವರು ಅರ್ಜಿಗೆ ಮುಂಚೆಯೇ ಬದಲಿಸಿ, ಹಳೆಯ ಹೆಸರಿನಿಂದ ಹೊಸದಕ್ಕೆ ದಾರಿ ತೋರುವ ವಿವಾಹ ಪ್ರಮಾಣಪತ್ರವನ್ನೋ ರಾಜಪತ್ರದ ಪ್ರಕಟಣೆಯನ್ನೋ ಜೋಪಾನವಾಗಿಡಬೇಕು. ಅರ್ಜಿ ವಿಚಾರಣೆಯಲ್ಲಿರುವಾಗ ನಡುವೆ ಬದಲಿಸುವುದು ಎಲ್ಲಕ್ಕಿಂತ ತೊಡಕಿನ ಮಾರ್ಗ. ಅಮೆರಿಕದಲ್ಲಿ ಪತ್ನಿಗಾಗಿ ಪತಿ ಸಲ್ಲಿಸುವ ಐ-೧೩೦ ಅರ್ಜಿಯಲ್ಲಿ ಹಿಂದೆ ಬಳಸಿದ ಇತರ ಹೆಸರುಗಳನ್ನು ಬರೆಯಲು ಪ್ರತ್ಯೇಕ ಅಂಕಣವುಂಟು. ಒಬ್ಬಳಿಗೆ ಹಲವು ಹೆಸರುಗಳಿರಬಹುದೆಂದು ಆ ಅಂಕಣ ಮೊದಲೇ ಒಪ್ಪಿಕೊಂಡಿದೆ. ಅದನ್ನು ಖಾಲಿ ಬಿಟ್ಟಾಗಲೇ ಸಂದೇಹ ಹುಟ್ಟುವುದು. ಅಕ್ಕಿಯಲ್ಲಿ ಬರೆದ ಹೆಸರೂ ಅಲ್ಲಿ ಸೇರತಕ್ಕದ್ದೇ, ಅದು ಯಾವುದಾದರೂ ಕಾಗದದಲ್ಲಿ ಕಾಣಿಸಿಕೊಂಡಿದ್ದರೆ.

ಒಂದು ಶತಮಾನದ ಹಿಂದೆ ಪತ್ನಿ ಪತಿಯ ಪುಸ್ತಕದ ಒಂದು ಅಂಕಣವಾಗಿದ್ದಳು. ಇಂದು ಅವಳ ಕೈಯಲ್ಲಿ ಅವಳದೇ ಪುಸ್ತಕವಿದೆ. ಅದರಲ್ಲಿ ಯಾವ ಹೆಸರು ಇರಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವೂ ಅವಳದೇ. ಆ ನಿರ್ಣಯ ಭಯದಿಂದ ಆಗದೆ ತಿಳಿವಳಿಕೆಯಿಂದ ಆದರೆ, ಕಸ್ತೂರಬಾ ಮೊದಲಾದವರು ಸೆರೆಮನೆಯಲ್ಲಿ ಕಳೆದ ಆ ಮೂರು ತಿಂಗಳು ಸಾರ್ಥಕವಾದಂತೆ.